ವಂದನಾರ್ಪಣೆ ಆದಮೇಲೆ

ಕೆಮ್ಮರಡಿಯ ಹುಸೇನಪೀರ ಕೂತದ್ದನ್ನು ಕಂಡವರು ಕಡಿಮೆ. ಹುನಗುಂದದಿಂದ ಇಲಕಲ್ಲಿಗೆ ಹೋಗುವ ದೊಡ್ಡ ರಸ್ತೆಗೆ ಹೊಂದಿಕೊಂಡ ಆ ಸಣ್ಣ ಊರಿನಲ್ಲಿ ಅವನನ್ನು ಹುಡುಕುತ್ತ ಮನೆಗೆ ಹೋದವರಿಗೆ ಹೆಂಡತಿ ಜೋಹರಾ ಹೇಳುವ ಮಾತು ಒಂದೇ: ಈಗ ಇಲ್ಲೇ ಇದ್ದರು, ಅರ್ಧ ಚಹಾ ಕುಡಿದು ಎದ್ದು ಹೋದರು. ಮದುವೆಯಾಗಿ ಬಂದಾಗಿನಿಂದ ಗಂಡ ಬಿಟ್ಟುಹೋದ ಅರ್ಧ ಚಹಾ ಕುಡಿದೂ ಕುಡಿದೂ ತನಗೆ ಸಕ್ಕರೆ ಕಾಯಿಲೆ ಬಂತೆಂದು ಅವಳು ದವಾಖಾನೆಯಲ್ಲಿ ಡಾಕ್ಟರ ಮುಂದೆಯೇ ದೂರು ಕೊಟ್ಟಿದ್ದಳು. ಅದನ್ನು ಕೇಳಿಸಿಕೊಳ್ಳಲು ಹುಸೇನಪೀರ ಅಲ್ಲಿಯೂ ನಿಂತಿರಲಿಲ್ಲ.

ಕಾಲಿಗೆ ಚಕ್ರ ಕಟ್ಟಿಕೊಂಡ ಈ ಮನುಷ್ಯನ ಕಸುಬು ಶಾಮಿಯಾನ ಮತ್ತು ಮೈಕ್‌ಸೆಟ್ಟಿನದು. ಮದುವೆ, ಉರುಸು, ಬೀರಪ್ಪನ ಗುಡಿಯ ಡೊಳ್ಳಿನ ಪದ, ಶಾಲೆಯ ಧ್ವಜಾರೋಹಣ, ಎಲೆಕ್ಷನ್ ಭಾಷಣ, ಯಾವುದೇ ಇರಲಿ, ಸುತ್ತಲಿನ ಹಳ್ಳಿಗಳಲ್ಲಿ ನಾಲ್ಕು ಮಂದಿ ಸೇರಬೇಕಾದರೆ ಮೊದಲು ಅವನ ಮೂರು ಗಾಲಿಯ ಟಂಟಂ ಗಾಡಿ ಬಂದು ನಿಲ್ಲಬೇಕು. ಕಂಬ ನೆಡುವುದರಿಂದ ಹಿಡಿದು ನಿರೂಪಣೆಯವರೆಗೆ ಎಲ್ಲ ಅವನದೇ. ನಿರೂಪಣೆಯನ್ನು ಅವನಿಗೆ ಯಾರೂ ಕಲಿಸಿದ್ದಲ್ಲ. ಒಮ್ಮೆ ಶಾಲೆಯ ಮಾಸ್ತರರಿಗೆ ಗಂಟಲು ಕಟ್ಟಿ, ಪಕ್ಕದಲ್ಲಿ ವೈರು ಹಿಡಿದು ನಿಂತಿದ್ದವನ ಕೈಗೆ ಮೈಕು ಬಂತು. ಬಂದದ್ದನ್ನು ಅವನು ಮತ್ತೆ ಬಿಡಲಿಲ್ಲ. ಬಂದ ಅತಿಥಿಯ ಹೆಸರಿಗೆ ಹಿಂದೊಂದು ಮುಂದೊಂದು ಬಿರುದು ಹಚ್ಚಿ ಕರೆಯುವುದರಲ್ಲಿ ಅವನನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ. ಪಂಚಾಯಿತಿಯ ಸಿಪಾಯಿಯನ್ನೂ 'ಕಾಯಕಯೋಗಿ' ಮಾಡಿ ಕೂರಿಸುತ್ತಿದ್ದ. ತನ್ನ ಹೆಸರನ್ನು ಮೈಕಿನ ಹಾರ್ನಿನಲ್ಲಿ ಕೇಳಿದ ಮನುಷ್ಯ ಆ ದಿನದ ಮಟ್ಟಿಗಾದರೂ ಒಳ್ಳೆಯವನಾಗುತ್ತಾನೆ ಎಂಬುದು ಅವನ ನಂಬಿಕೆ. ಈ ನಂಬಿಕೆಯೇ ಮುಂದೆ ಅವನನ್ನು ಮುಳುಗಿಸಿತು.

ಊರಿನಲ್ಲಿ ಶಾಲೆ ಇದ್ದದ್ದು ಏಳನೆಯ ಇಯತ್ತೆಯವರೆಗೆ. ಹೈಸ್ಕೂಲು ರಸ್ತೆಯ ಆಚೆ, ಕೂಗಿದರೆ ಕೇಳುವಷ್ಟು ಹತ್ತಿರ. ಹುಸೇನಪೀರನ ಕೊನೆಯ ಮಗಳು ಮುಬಶೀರಾ ಅಲ್ಲಿ ಎಂಟನೆಯ ಇಯತ್ತೆ ಓದುತ್ತಿದ್ದಳು. ದೊಡ್ಡ ಮಕ್ಕಳಿಬ್ಬರೂ ಪುಸ್ತಕ ಕಂಡರೆ ಕೊಟ್ಟಿಗೆ ಸೇರುತ್ತಿದ್ದವರು. ಇವಳೊಬ್ಬಳು ಮಾತ್ರ ಓದಿಗೆ ಅಂಟಿಕೊಂಡವಳು. ಊರಿನ ಇನ್ನಷ್ಟು ಹುಡುಗಿಯರ ಜೊತೆ ಎರಡೂ ಕಡೆ ನೋಡಿ, ಲಾರಿ ಸಂದು ಬಿಟ್ಟಾಗ ಓಡಿ ರಸ್ತೆ ದಾಟುತ್ತಿದ್ದಳು. ಅದೇ ರಸ್ತೆಯನ್ನು ಹುಸೇನಪೀರನ ಬಾಲ್ಯದ ಗೆಳೆಯ, ಬೀರಪ್ಪನ ಪೂಜಾರಿ ಬೀರಲಿಂಗಪ್ಪನ ಕುರಿಗಳೂ ದಿನಾ ದಾಟಬೇಕು.

ಇಂಥ ರಸ್ತೆ ನಾಲ್ಕು ಪಟ್ಟಿಯದಾಗುತ್ತದೆ, ಅಷ್ಟೇ ಅಲ್ಲ, ಆಳೆತ್ತರದ ಮಣ್ಣಿನ ಒಡ್ಡಿನ ಮೇಲೆ ಏಳುತ್ತದೆ ಎಂಬ ಸುದ್ದಿ ಬಂದಾಗ ಊರು ಗಾಬರಿಯಾಯಿತು. ದಾಟಲು ಕೆಳಗೊಂದು ಸೇತುವೆ ಬಿಡುತ್ತಾರಂತೆ. ಆದರೆ ಎಲ್ಲಿ ಎಂಬುದು ಇನ್ನೂ ಗೊತ್ತಾಗಿಲ್ಲವಂತೆ: ಕೆಮ್ಮರಡಿಯ ಎದುರಿಗೋ, ಇಲ್ಲವೆ ಇಲಕಲ್ಲಿನ ದಿಕ್ಕಿಗೆ ಬಹಳ ಮುಂದೆ ಕಲ್ಲು ಪಾಲಿಶ್ ಫ್ಯಾಕ್ಟರಿಗಳ ಹತ್ತಿರವೋ. ಜೋಹರಾ ಅವತ್ತೇ ತನ್ನ ತೀರ್ಪು ಕೊಟ್ಟಳು. ಸೇತುವೆ ಊರ ಮುಂದೆ ಆದರೆ ಹುಡುಗಿ ಓದಲಿ. ಫ್ಯಾಕ್ಟರಿ ಹತ್ತಿರ ಆದರೆ, ಆ ಲಾರಿ ನಿಲ್ಲುವ ಜಾಗ ಸುತ್ತಿಕೊಂಡು ಹೋಗಿ ಬರುವ ಶಾಲೆ ತನ್ನ ಮಗಳಿಗೆ ಬೇಡ. ಹುಸೇನಪೀರ ಏನೋ ಹೇಳಲು ಬಾಯಿ ತೆರೆದ. ಫೋನು ಬಡಿಯಿತು, ಎದ್ದು ಹೋದ.

ಆ ಫೋನು ತಾಲೂಕಿನ ಕಚೇರಿಯದು. ಸೇತುವೆಯ ಜಾಗದ ಬಗ್ಗೆ ಊರವರ ಅಹವಾಲು ಕೇಳಲು ಕೆಮ್ಮರಡಿಯಲ್ಲೇ ಸಭೆ, ಶಾಮಿಯಾನ ಹಾಕು ಎಂದರು. ಊರಿಗೆ ಮೊದಲು ಸುದ್ದಿ ತಂದವನು ಹೀಗೆ ಅವನೇ ಆದ, ಮತ್ತು ಮನೆ ಮನೆಗೆ ಹೋಗಿ ತಾನೇ ಲಗ್ನಕ್ಕೆ ಕರೆದಂತೆ ಕರೆದುಬಂದ. ಗುಡಿಯ ಕಟ್ಟೆಯ ಮೇಲೆ ಹಿರಿಯರು ಸೇರಿದಾಗ ಮಾತಾದದ್ದು ಏನು ಕೇಳಬೇಕು ಎಂಬುದರ ಬಗ್ಗೆ ಅಲ್ಲ. ಕೇಳುವುದೇನು, ಎಲ್ಲರಿಗೂ ಗೊತ್ತೇ ಇದೆ, ಸೇತುವೆ ಇಲ್ಲಿ ಬೇಕು. ಬೀರಲಿಂಗಪ್ಪ ಎದ್ದು ನಿಂತು ಒಂದು ಮಾತು ಹೇಳಿದರೆ ಮುಗಿಯಿತು. ಚಿಂತೆ ಇದ್ದದ್ದು ಬಂದವರಿಗೆ ಸನ್ಮಾನ ಹೇಗೆ ಮಾಡುವುದು ಎಂಬುದರದು.

ನಮ್ಮ ಕಡೆ ಇದೊಂದು ರೋಗ. ಮನೆಗೆ ಜಪ್ತಿ ಮಾಡಲು ಬಂದವನಿಗೂ ಮೊದಲು ನೀರು, ಆಮೇಲೆ ಚಹಾ, ಸಾಧ್ಯವಾದರೆ ಒಂದು ಟಾವೆಲ್ಲು. ಅತಿಥಿಯ ಕೊರಳು ಬರಿದಾಗಿದ್ದರೆ ಊರಿನ ಮಾನ ಹೋಯಿತು. ಬಂದವರ ಮನಸ್ಸು ತುಂಬಿಸಿದರೆ ಅರ್ಧ ಕೆಲಸ ಆದಂತೆ ಎಂದು ಹುಸೇನಪೀರ ಹೇಳಿದ್ದಕ್ಕೆ ಕಟ್ಟೆಯ ಮೇಲಿದ್ದವರೆಲ್ಲ ತಲೆ ಆಡಿಸಿದರು. ಶಾಲು, ಹಾರ, ತೆಂಗಿನಕಾಯಿ ಗೊತ್ತಾದವು. ಬೀರಲಿಂಗಪ್ಪ ತನ್ನ ಕುರಿಗಳ ಉಣ್ಣೆಯಲ್ಲೇ ನೇಯಿಸಿದ ಕರಿ ಕಂಬಳಿಯೊಂದನ್ನು ದೊಡ್ಡ ಸಾಹೇಬರಿಗೆ ಹೊದಿಸುವುದಾಗಿ ಹೇಳಿದ. ಬಿಸಿಲಲ್ಲಿ ಕಂಬಳಿ ಹೊದ್ದವನ ಗತಿ ಏನೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಪ್ರೀತಿಯಿಂದ ಕೊಡುವುದಕ್ಕೆ ಋತುಮಾನ ನೋಡುವುದುಂಟೆ.

ಸಭೆ ಬೆಳಿಗ್ಗೆಗೆ ಎಂದಿದ್ದರು. ಜೀಪುಗಳು ಬಂದದ್ದು ಊಟದ ಹೊತ್ತಿಗೆ. ಅಷ್ಟರಲ್ಲಿ ಕುರ್ಚಿಯಲ್ಲಿ ಕೂತ ಹೆಂಗಸರಲ್ಲಿ ಅರ್ಧದಷ್ಟು ಮಂದಿ ರೊಟ್ಟಿ ಬಡಿಯಲು ಎದ್ದು ಹೋಗಿದ್ದರು. ಇಳಿದವರಲ್ಲಿ ಮುಖ್ಯನಾದವನು ಬಾಗಲಕೋಟೆಯ ಎಂಜಿನಿಯರ ಆನಂದ. ಇನ್ನೂ ನಲವತ್ತು ದಾಟದ, ಮುಧೋಳದ ಕಡೆಯ ಮನುಷ್ಯ. ಇಲ್ಲಿಂದ ಇಲಕಲ್ಲಿನ ಸಭೆಗೂ ಹೋಗಬೇಕು, ಬೇಗ ಮುಗಿಸಿ ಎಂದು ಅವನು ಮೊದಲೇ ಕಿವಿಯಲ್ಲಿ ಹೇಳಿದ್ದ. ಹುಸೇನಪೀರ 'ಆಗಲಿ' ಎಂದು ಮೈಕು ಹಿಡಿದ. ಹುಡುಗಿಯರ ಪ್ರಾರ್ಥನೆ ಆಯಿತು, ಮುಬಶೀರಾಳೂ ಅದರಲ್ಲಿ ನಿಂತಿದ್ದಳು. ಸ್ವಾಗತ ಆಯಿತು. ಆಮೇಲೆ ಸನ್ಮಾನ. ವೇದಿಕೆಯ ಮೇಲಿದ್ದ ಒಬ್ಬೊಬ್ಬರಿಗೂ ಹುಸೇನಪೀರ ಒಂದೊಂದು ಪ್ರಾಸ ಕಟ್ಟಿದ, ಒಬ್ಬೊಬ್ಬರಿಗೂ ಊರಿನ ಒಬ್ಬೊಬ್ಬ ಹಿರಿಯ ಶಾಲು ಹೊದಿಸಿದ, ಒಂದೊಂದಕ್ಕೂ ಫೋಟೋ. ಕಂಬಳಿ ಹೊದ್ದ ಆನಂದ ಬೆವರುತ್ತ ನಕ್ಕ. ಅವನು ಎದ್ದು ನಕ್ಷೆಯ ಬಗ್ಗೆ ನಾಲ್ಕು ಮಾತು ಆಡಿ ಕೂತು, ಗಡಿಯಾರ ನೋಡಿದ.

ಗಡಿಯಾರ ನೋಡುವ ಅತಿಥಿಯನ್ನು ಕಂಡರೆ ನಿರೂಪಕನ ನಾಲಿಗೆಗೆ ತಾನಾಗಿ ಬರುವ ಮಾತು ಒಂದೇ. ಮುಖ್ಯ ಅತಿಥಿಗಳ ಭಾಷಣದ ಬೆನ್ನಿಗೆ ವಂದನಾರ್ಪಣೆ ಎಂದು ಅವನ ರಕ್ತದಲ್ಲೇ ಬರೆದಿತ್ತು. ಬಾಯಿಪಾಠದ ಭರದಲ್ಲಿ ಹುಸೇನಪೀರ ವಂದನಾರ್ಪಣೆ ಮಾಡಿದ. ಎಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಲ್ಲಬೇಕೆಂದ. ಅಹವಾಲು ಹೇಳಲೆಂದು ಮೊದಲ ಸಾಲಿನಲ್ಲಿ ಅರ್ಧ ಎದ್ದಿದ್ದ ಬೀರಲಿಂಗಪ್ಪ ಪೂರ್ತಿ ಎದ್ದು, ಕೈ ಕೆಳಗೆ ಬಿಟ್ಟು, ಕಲ್ಲಿನಂತೆ ನಿಂತುಕೊಂಡ. ರಾಷ್ಟ್ರಗೀತೆ ಮುಗಿದ ಮೇಲೆ ಯಾವ ಸಭೆಯಲ್ಲೂ ಯಾರೂ ಮತ್ತೆ ಕೂರುವುದಿಲ್ಲ. ಕುರ್ಚಿಗಳು ಗರಗರ ಸರಿದವು, ಸಾಹೇಬರು ಕೈ ಮುಗಿದರು, ಧೂಳೆಬ್ಬಿಸುತ್ತ ಜೀಪುಗಳು ಇಲಕಲ್ಲಿನ ಕಡೆ ಹೋದವು. ಬೀರಲಿಂಗಪ್ಪ ಇನ್ನೂ ಅಲ್ಲೇ ನಿಂತಿದ್ದ.

"ಲೇ ಪೀರಾ," ಎಂದ ಅವನು, "ನಾ ಯಾವಾಗ ಮಾತಾಡೂದು?"

ಮದುವೆ ಗದ್ದಲದಾಗ ತಾಳಿ ಕಟ್ಟೂದ ಮರತರು ಎಂದು ನಗಲು ಊರಿನಲ್ಲಿ ಮಂದಿಗೇನು ಕಡಿಮೆ ಇರಲಿಲ್ಲ. ಮೊದಲ ವಾರ ಹುಸೇನಪೀರನೂ ನಕ್ಕ. ನಗು ನಿಂತದ್ದು ಪೇಪರಿನಲ್ಲಿ ಫೋಟೋ ಬಂದಾಗ. ಕಂಬಳಿಯಲ್ಲಿ ಎಂಜಿನಿಯರ, ಪಕ್ಕದಲ್ಲಿ ಹಲ್ಲು ಬಿಟ್ಟ ಬೀರಲಿಂಗಪ್ಪ, ಕೆಳಗೆ 'ಯೋಜನೆಗೆ ಕೆಮ್ಮರಡಿ ಗ್ರಾಮಸ್ಥರ ಹರ್ಷ'. ಅದಾಗಿ ಸ್ವಲ್ಪ ದಿನಕ್ಕೆ ಫ್ಯಾಕ್ಟರಿಗಳ ಹತ್ತಿರ ಕೆಂಪು ಬಣ್ಣದ ಗುರುತಿನ ಕಲ್ಲು ನೆಟ್ಟರು. ಸೇತುವೆ ಅಲ್ಲಿ.

ಜೋಹರಾ ಒಂದು ಮಾತೂ ಆಡಲಿಲ್ಲ. ಬೈಯುವ ಹೆಂಡತಿ ಸುಮ್ಮನಾದರೆ ಗಂಡನಿಗೆ ನಿದ್ದೆ ಬರುವುದಿಲ್ಲ. ತಾನು ಮಗಳ ಶಾಲೆಯನ್ನು ತನ್ನ ಕೈಯಾರೆ ಮುಚ್ಚಿದೆ ಎಂಬ ಸಂಕಟ ಹುಸೇನಪೀರನನ್ನು ಹಿಡಿಯಿತು. ಮೊದಲೇ ಕೂರದವನು ಈಗ ನಿಲ್ಲುವುದನ್ನೂ ಬಿಟ್ಟ. ಹುನಗುಂದ, ಬಾಗಲಕೋಟೆ, ಮತ್ತೆ ಹುನಗುಂದ. ಬಸ್ಸಿನ ಕಂಡಕ್ಟರ ಟಿಕೆಟು ಕೊಡುವಾಗ ಎಲ್ಲಿಗೆಂದು ಕೇಳುವುದನ್ನೇ ಬಿಟ್ಟಿದ್ದ.

ಹುನಗುಂದದ ಕೋರ್ಟಿನ ಎದುರಿಗೆ ಶಿವಬಸವ್ವ ಎಂಬ ವಕೀಲರು ಇದ್ದರು. ಹಿಂದೆ ಅವರ ಮನೆಯ ಲಗ್ನಕ್ಕೆ ಇವನದೇ ಶಾಮಿಯಾನ. ಎಲ್ಲ ಕೇಳಿ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಪೀರಸಾಬ್ರ, ಅವರ ಸುತ್ತೋಲೆದಾಗ ಸಭಾ ಕರೀಬೇಕು ಅಂತ ಐತಿ. ಕರದಾರ. ಮಂದಿ ಮಾತಾಡೂ ತನಕಾ ಕೂಡ್ರಬೇಕು ಅಂತ ಎಲ್ಲೂ ಬರದಿಲ್ಲ. ಬರೀಲಾರದ್ದನ್ನ ಮುರದಾರ ಅಂತ ನಾ ಜಡ್ಜ್‌ರ ಮುಂದ ಹೆಂಗ ಹೇಳ್ಲಿ?"

ಹಾಗಾದರೆ ದಾರಿಯೇ ಇಲ್ಲವೆ ಎಂದು ಅವನು ಕೇಳಿದ. ಕೇಸು ಹಾಕಬಹುದು, ಗೆಲ್ಲುವುದು ಖಾತ್ರಿ ಇಲ್ಲ ಎಂದರು ಅವರು. ಇಂಥ ಸಭೆ ಹೇಗೆ ನಡೆಯಬೇಕು, ಎಷ್ಟು ಮೊದಲು ತಿಳಿಸಬೇಕು, ಯಾರು ಮೊದಲು ಮಾತಾಡಬೇಕು, ಕೇಳಿದ ಮಾತಿಗೆ ಉತ್ತರ ಬರೆದು ಕೊಡಬೇಕೋ ಬೇಡವೋ, ಇದೆಲ್ಲ ಕಾಯ್ದೆಯಾಗಿ ಬರಬೇಕು. ಬರುವವರೆಗೆ ಅದು ಅವರ ಧರ್ಮ, ನಿಮ್ಮ ಪುಣ್ಯ. ಕೋರ್ಟಿನಲ್ಲಿ ಕೇಳಿದರೆ ಕಾಯ್ದೆ ಬೇಕೆಂಬ ಮಾತಾದರೂ ಒಂದು ಕಡೆ ದಾಖಲಾಗುತ್ತದೆ. ಹುಸೇನಪೀರನಿಗೆ ಇದು ಒಪ್ಪಿಗೆಯಾಗಲಿಲ್ಲ. ಹಾರ ಹಾಕಿ ಕಳಿಸಿದವರ ಮೇಲೆ ಕೇಸೆ? ಉಂಡ ಮನೆಗೆ ಎರಡು ಬಗೆಯುವುದು ಕೇಳಿದ್ದ, ಉಣ್ಣಿಸಿದವರೇ ಉಂಡವನ ಮೇಲೆ ಹೋಗುವುದು ಯಾವ ಮರ್ಯಾದೆ. ಬೇಡ ಅಕ್ಕಾರ, ಸಾಹೇಬರು ಒಳ್ಳೆಯವರಿದ್ದಾರೆ, ಕಾಲು ಹಿಡಿದಾದರೂ ಕೇಳುತ್ತೇನೆ ಎಂದು ಎದ್ದ.

ಸಾಹೇಬ ಒಳ್ಳೆಯವನೇ ಆಗಿದ್ದ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ಬಾಡಿಗೆ ಮನೆಯ ಬಾಗಿಲಿಗೆ ಬಂದವನನ್ನು ಆನಂದ ಒಳಗೆ ಕರೆದು ಕೂರಿಸಿದ. ಹುಸೇನಪೀರ ಕುರ್ಚಿಯ ತುದಿಯಲ್ಲಿ ಕೂತ, ಎದ್ದ, ಮತ್ತೆ ಕೂತ. ಇಲಕಲ್ಲಿನ ಸಭೆಯಲ್ಲಿ ಫ್ಯಾಕ್ಟರಿಯವರು ಸೇತುವೆ ತಮ್ಮ ಕಡೆ ಬೇಕೆಂದು ಹತ್ತು ಸಲ ಕೇಳಿದರು, ಕೆಮ್ಮರಡಿಯಲ್ಲಿ ಒಬ್ಬರೂ ಕೇಳಲಿಲ್ಲ, ವರದಿಯಲ್ಲಿ ತಾನು ಬೇರೆ ಏನು ಬರೆಯಬೇಕಾಗಿತ್ತು ಎಂದ ಆನಂದ. ಕೇಳುವಷ್ಟರಲ್ಲಿ ರಾಷ್ಟ್ರಗೀತೆ ಆಯಿತಲ್ಲ ಎಂದು ಇವನು ಗೊಣಗಿದ. ಅದನ್ನು ಹಚ್ಚಿದವರು ಯಾರು ಎಂದು ಆನಂದ ಮೆಲ್ಲಗೆ ಕೇಳಿದ. ಹುಸೇನಪೀರನ ಮುಖ ಕೆಂಪಾಯಿತು. ಆ ಗಳಿಗೆಯಲ್ಲಿ ನೆಲ ಬಾಯಿ ಬಿಟ್ಟಿದ್ದರೆ ಅವನು ಟಂಟಂ ಸಮೇತ ಇಳಿದುಹೋಗುತ್ತಿದ್ದ.

ಚಹಾ ಬಂದ ಮೇಲೆ ಮಾತು ಸಡಿಲವಾಯಿತು. ವಕೀಲರು ಹೇಳಿದ ಕಾಯ್ದೆಯ ಸಂಗತಿಯನ್ನು ಹುಸೇನಪೀರ ತೆಗೆದ. ಆನಂದ ನಕ್ಕು ತಲೆ ಅಲ್ಲಾಡಿಸಿದ. ಕಾಯ್ದೆ ಬಂದರೆ ಏನಾಗುತ್ತದೆ ಎಂದು ತನಗೆ ಗೊತ್ತು ಎಂದ. ಎರಡು ತಾಸು ಕೂರಬೇಕು ಎಂದರೆ ಎರಡು ತಾಸು ಫೋನು ನೋಡುತ್ತ ಕೂರುತ್ತಾರೆ; ಅಹವಾಲು ಬರೆದುಕೊಳ್ಳಬೇಕು ಎಂದರೆ ಬರೆದುಕೊಂಡು ಕಟ್ಟಿ ಇಡುತ್ತಾರೆ; ಒಂದು ಮೋರಿ ಕಟ್ಟಲು ಮೂರು ವರ್ಷ ಸಭೆಯೇ ನಡೆಯುತ್ತದೆ.

"ಕಿವಿಗೆ ಕಾಯ್ದೆ ಹಚ್ಚಾಕ ಬರೂದಿಲ್ಲ ಪೀರಸಾಬ್ರ. ಕೇಳೂ ಮನಸಿದ್ದಾಂವ ಹಂಗೂ ಕೇಳ್ತಾನ."

ಹುಸೇನಪೀರ ಕಪ್ಪು ಕೆಳಗಿಟ್ಟ. ಮೂವತ್ತು ವರ್ಷ ಮೈಕಿನ ಪಕ್ಕ ನಿಂತವನಿಗೆ ಗೊತ್ತಿದ್ದ ವಿಷಯ ಒಂದೇ ಇತ್ತು, ಅದನ್ನೇ ಹೇಳಿದ.

"ಕಿವಿ ನಿಮ್ಮದು, ಖರೆ ಅದರೀ ಸಾಹೇಬ್ರ. ಆದ್ರ ಮೈಕು ಯಾರ ಕೈಯಾಗ ಎಷ್ಟೊತ್ತು ಇರಬೇಕು ಅನ್ನೂದಕ್ಕಾದ್ರೂ ಕಾಯ್ದೆ ಮಾಡಬೌದಲ್ರೀ. ನೀವು ಒಳ್ಳೇವ್ರು ಅಂತ ನಾ ಇವತ್ತ ಕುಂತೇನಿ. ನಾಳಿ ನಿಮ್ಮ ಜಾಗಾದಾಗ ಇನ್ನೊಬ್ರು ಬಂದ್ರ ನಾ ಯಾರ ಮನಿ ಬಾಗಿಲಾ ಬಡೀಲಿ?"

ಮುಂದಿನ ವಾರ ಆನಂದ ತಾನಾಗಿ ಕೆಮ್ಮರಡಿಗೆ ಬಂದ. ಶಾಮಿಯಾನ ಬೇಡ, ಹಾರ ತಂದರೆ ಹಾಗೇ ಹಿಂದಿರುಗುತ್ತೇನೆ ಎಂದು ಫೋನಿನಲ್ಲೇ ಹೇಳಿದ್ದ. ಊರಿಗೆ ಅದು ಅರಗಲಿಲ್ಲ; ಬೀರಲಿಂಗಪ್ಪನ ಹೆಂಡತಿ ರಂಗವ್ವ ಕೊನೆಗೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಒಂದು ಗ್ಲಾಸು ಮಜ್ಜಿಗೆ ತಂದು ಕೊಟ್ಟೇಬಿಟ್ಟಳು. ಅವನು ಗುಡಿಯ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ಮಾತೂ ಕೇಳಿದ. ರಸ್ತೆಯವರೆಗೆ ನಡೆದು ಬಂದು, ಶಾಲೆ ಬಿಟ್ಟ ಹುಡುಗಿಯರು ಓಡಿ ದಾಟುವುದನ್ನು ನೋಡಿದ. ಸೇತುವೆ ಇಲ್ಲಿಯೇ ಆಗಬೇಕೆಂದು ಮೇಲಕ್ಕೆ ಬರೆಯುತ್ತೇನೆ ಎಂದು ಎಲ್ಲರೆದುರು ಮಾತು ಕೊಟ್ಟ, ಬರೆದೂ ಬರೆದ. ಅವತ್ತು ಜೋಹರಾ ಗಂಡನ ಜೊತೆ ಮಾತು ಶುರು ಮಾಡಿದಳು, ಮೊದಲ ಮಾತೇ ಬೈಗುಳ. ಹುಸೇನಪೀರನಿಗೆ ಈದ್ ಬಂದಷ್ಟು ಸಂತೋಷವಾಯಿತು.

ಮಳೆಗಾಲಕ್ಕೆ ಮೊದಲು ಆನಂದನಿಗೆ ವರ್ಗವಾಯಿತು. ಎಲ್ಲೋ ಬೀದರಿನ ಕಡೆ ಎಂದರು.

ಹೊಸ ಎಂಜಿನಿಯರ ಕೆಟ್ಟವನೆಂದು ಹೇಳಲು ಬರುವುದಿಲ್ಲ. ಅವನು ಫೈಲು ತೆಗೆದು ನೋಡಿದ, ಅಷ್ಟೇ. ಹಿಂದಿನವರು ಬರೆದ ಪತ್ರ ಇದೆ, ಆದರೆ ಅದು ಸಭೆಯ ನಡಾವಳಿ ಅಲ್ಲ; ಅವರು ಹೋಗಿಬಂದದ್ದು ಅವರ ಖಾಸಗಿ ಭೇಟಿ; ಸಭೆ ಒಂದು ಸಲ ಆಗಿದೆ, ಆಗ ಯಾರೂ ತಕರಾರು ಮಾಡಿಲ್ಲ. ಎರಡನೆಯ ಸಭೆ ಮಾಡಬೇಕೆಂದು ಯಾವ ನಿಯಮ ಹೇಳುತ್ತದೆ, ತೋರಿಸಿ ಎಂದ. ಹುಸೇನಪೀರನಿಗೆ ತೋರಿಸಲು ಏನೂ ಇರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಅವನು ಎಷ್ಟೋ ವೇದಿಕೆಗಳಲ್ಲಿ ನಗಿಸಲೆಂದು ಹೇಳಿದ್ದ. ಈಗ ಕಚೇರಿಯ ಮೆಟ್ಟಿಲು ಇಳಿಯುವಾಗ ಅದು ಅವನ ಮೇಲೆಯೇ ತಿರುಗಿ ಬಂತು.

ಇಷ್ಟರಲ್ಲಿ ಒಡ್ಡು ಎದ್ದಿತ್ತು. ಮಣ್ಣು ತರುವ ಲಾರಿಗಳಿಗೆಂದು ಊರಿನ ಹತ್ತಿರ ಒಂದು ಸಂದು ಬಿಟ್ಟಿದ್ದರು, ಹುಡುಗಿಯರು ಆ ಸಂದಿನಿಂದ ಶಾಲೆಗೆ ಹೋಗುತ್ತಿದ್ದರು. ಸಂದು ಮುಚ್ಚಿದ ದಿನ ಶಾಲೆ ಬಂದ್ ಎಂಬುದು ಜೋಹರಾಳ ಮಾತು. ಅದಕ್ಕಾಗಿಯೇ ಹುಸೇನಪೀರನಿಗೆ ಅಷ್ಟು ಧಾವಂತ. ಒಂದು ದಿನ ಹೆಚ್ಚು ಓಡಿದರೆ ಮಗಳಿಗೆ ಒಂದು ದಿನ ಹೆಚ್ಚು ಸಿಕ್ಕಿತೆಂದು ಅವನ ಲೆಕ್ಕ. ಟಂಟಂ ಮನೆಯ ಮುಂದೆ ಧೂಳು ಹಿಡಿಯುತ್ತಿತ್ತು. ಎರಡು ಮದುವೆಯವರು ಕಾದು ಬೇಸತ್ತು ಅಮೀನಗಡದಿಂದ ಶಾಮಿಯಾನ ತರಿಸಿಕೊಂಡರು.

ಹೊಸ ಎಂಜಿನಿಯರ ಕೊನೆಯ ಸಲ ಇಲ್ಲವೆಂದ ದಿನ ಸಂಜೆ ಅವನು ಮನೆಗೆ ಬಂದು ಹೊಸ್ತಿಲ ಮೇಲೆಯೇ ಎಲ್ಲ ಹೇಳಿದ. ಜೋಹರಾ ಬೈಯಲಿಲ್ಲ. ಸಾಕು ಬಿಡಿ, ಬಾದಾಮಿಯಲ್ಲಿ ನನ್ನ ತಂಗಿಯ ಮನೆ ಇದೆ, ಹುಡುಗಿ ಅಲ್ಲಿಯೇ ಇದ್ದು ಮನೆಗೆಲಸಕ್ಕೂ ಆಗುತ್ತಾಳೆ, ಶಾಲೆಗೂ ಹೋಗಲಿ ಎಂದಳು. ಹುಸೇನಪೀರನಿಗೆ ಹೊರೆ ಇಳಿದಂತಾಯಿತು. ಶಾಲೆ ಉಳಿಯಿತಲ್ಲ ಎಂದುಕೊಂಡ. ತಂಗಿಗೆ ಅಲ್ಲೇ ಫೋನು ಹೋಯಿತು, ಅವಳೂ ಹೂಂ ಅಂದಳು, ಹೊರಡುವ ದಿನವೂ ಗೊತ್ತಾಯಿತು. ಎಲ್ಲ ಆದಮೇಲೆ ಒಳಗಿನಿಂದ ಮುಬಶೀರಾಳನ್ನು ಕರೆದು ಹೇಳಿದರು.

"ನಾ ಹೋಗೂದಿಲ್ಲ," ಎಂದಳು ಅವಳು.

ಸಂದು ಇವತ್ತೋ ನಾಳೆಯೋ ಮುಚ್ಚುತ್ತದೆ, ಆಮೇಲೆ ಏನು ಮಾಡುತ್ತೀ ಎಂದು ತಂದೆ ಗದರಿದ. ಅದು ಮಳೆ ಶುರುವಾದಾಗಲೇ ಮುಚ್ಚಿದೆ ಎಂದು ಅವಳು ಹೇಳಿದಳು. ಹುಸೇನಪೀರ ಹೆಂಡತಿಯ ಮುಖ ನೋಡಿದ, ಅವಳು ಇವನ ಮುಖ ನೋಡಿದಳು. ಜೋಹರಾ ಆ ಕಡೆ ಹೋದವಳಲ್ಲ. ಇವನು ದಿನಾ ಅದರ ಮುಂದೆಯೇ ಬಸ್ಸಿಗೆ ಓಡಿದವನು, ಫೋನು ಕಿವಿಗಿಟ್ಟುಕೊಂಡು ರಸ್ತೆಯ ಬಗ್ಗೆಯೇ ಮಾತಾಡುತ್ತ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ. ಮತ್ತೆ ಶಾಲೆಗೆ ಹೇಗೆ ಹೋಗುತ್ತೀ ಎಂದು ಎಷ್ಟು ಕೇಳಿದರೂ ಹುಡುಗಿ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಬರ್ರಿ, ತೋರಿಸುತ್ತೇನೆ ಎಂದಳು.

ಬೆಳಿಗ್ಗೆ ಅವಳ ಹಿಂದೆ ಹೋದ. ಊರಿನ ಹುಡುಗಿಯರು ಒಡ್ಡಿನ ಬುಡದಲ್ಲಿ, ಜಾಲಿಯ ಮರೆಯಲ್ಲಿ ಗುಂಪಾಗಿ ನಿಂತಿದ್ದರು. ಬೀರಲಿಂಗಪ್ಪನ ಮೊಮ್ಮಗಳು ತಾಯವ್ವನೂ ಇದ್ದಳು. ಮಳೆ ನೀರು ಹರಿದುಹೋಗಲೆಂದು ರಸ್ತೆಯ ಕೆಳಗೆ ಹೂತ ಸಿಮೆಂಟಿನ ಪೈಪು ಅಲ್ಲಿ ಬಾಯಿ ತೆರೆದಿತ್ತು. ಹುಡುಗಿಯರು ಮಾತಿಲ್ಲದೆ ಚೂಡಿದಾರದ ಪ್ಯಾಂಟನ್ನು ಮೊಳಕಾಲಿನವರೆಗೆ ಮಡಚಿದರು, ದುಪಟ್ಟಾ ಸೊಂಟಕ್ಕೆ ಬಿಗಿದರು, ಪುಸ್ತಕದ ಚೀಲವನ್ನು ಎದೆಗೆ ಕಟ್ಟಿಕೊಂಡರು. ತಾಯವ್ವ ಒಂದು ಕೋಲಿನಿಂದ ಪೈಪಿನ ಒಳಗೆ ಬಡಿದು ಶಬ್ದ ಮಾಡಿದಳು, ಹಾವು ಇದ್ದರೆ ಸರಿಯಲೆಂದು. ಆಮೇಲೆ ಒಬ್ಬೊಬ್ಬರೇ ಕೈ ಊರಿ ಒಳಗೆ ಹೋದರು. ದಿನಾ ಮಾಡುವ ಕೆಲಸದಂತೆ ಮಾಡಿದರು.

ಹುಸೇನಪೀರ ಮಗಳ ಹಿಂದೆ ತಾನೂ ಬಗ್ಗಿ ನುಗ್ಗಿದ. ಒಳಗೆ ನೀರು ಮಣಿಕಟ್ಟಿನವರೆಗೆ ಇತ್ತು. ಬೆನ್ನು ಮೇಲೆ ತಾಗುತ್ತಿತ್ತು, ಮೊಳಕಾಲು ಕೆಳಗೆ ತರಚುತ್ತಿತ್ತು. ತಲೆಯ ಮೇಲೆ ಲಾರಿ ಹೋದಾಗ ಪೈಪೆಲ್ಲ ನಡುಗಿತು. ಮೇಲೆ ಮಳೆಯಾಗಿ ಒಮ್ಮೆಲೇ ನೀರು ಬಂದರೆ ಏನು ಗತಿ ಎಂದು ನೆನೆದು ಅವನು ಬೇಗ ಬೇಗ ತೆವಳಿದ. ಮುಂದೆ ಹಗುರಾಗಿ ತೆವಳುತ್ತಿದ್ದ ಮುಬಶೀರಾ ತಿರುಗಿ, ಅಬ್ಬಾ, ತಲೆ ಬಗ್ಗಿಸಿರಿ ಎಂದಳು.

ಆಚೆ ಕಡೆ ಹುಡುಗಿಯರು ಕೈ ತೊಳೆದು ಪ್ಯಾಂಟು ಇಳಿಸಿಕೊಂಡು ಶಾಲೆಯ ಕಡೆ ಹೊರಟಿದ್ದರು. ಹುಸೇನಪೀರ ಹುಲ್ಲಿನ ಮೇಲೆ ಕುಸಿದು ಕೂತ. ಅವನ ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಮುಚ್ಚಲೂ ಹೋಗಲಿಲ್ಲ. ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ಮಗಳನ್ನು ಕೇಳಿದ.

"ಹೇಳಿದ್ರ ಸಾಲಿ ಬಿಡಸ್ತಿದ್ರಿ," ಎಂದಳು ಮುಬಶೀರಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. "ನನ್ನ ಸಾಲಿ ಸಂಬಂಧ ನೀವು ಹುನಗುಂದ, ಬಾಗಲಕೋಟಿ ಎಲ್ಲಾ ಕಡೆ ಹೋಗಿ ಮಾತಾಡಿರಿ ಅಬ್ಬಾ. ಬಾದಾಮಿ ಮೌಸಿ ಕೂಡನೂ ಮಾತಾಡಿರಿ. ನನ್ನ ಯಾವತ್ತರ ಕೇಳಿರಿ?"

ಅಷ್ಟು ಹೇಳಿ ಅವಳು ಗಂಟೆಯಾಯಿತೆಂದು ಓಡಿದಳು. ಅವನು ಅಲ್ಲೇ ಕೂತಿದ್ದ. ಎಷ್ಟು ಹೊತ್ತು ಕೂತಿದ್ದ ಎಂದು ಅವನಿಗೇ ಗೊತ್ತಿರಲಿಲ್ಲ. ತನ್ನ ಮನೆಯಲ್ಲಿ ಎಷ್ಟು ಸಭೆ ನಡೆದವು, ಎಷ್ಟು ನಿರ್ಣಯ ಆದವು, ಒಂದರಲ್ಲೂ ಆ ಹುಡುಗಿಗೆ ಮಾತು ಸಿಗಲಿಲ್ಲ. ಪ್ರೀತಿಗೇನು ಕಡಿಮೆ ಇತ್ತೆ? ಇರಲಿಲ್ಲ. ಆನಂದ ಸಾಹೇಬನಲ್ಲಿ ಒಳ್ಳೆಯತನಕ್ಕೂ ಕಡಿಮೆ ಇರಲಿಲ್ಲ. ಆದರೂ ಹುಡುಗಿಯರು ಪೈಪಿನಲ್ಲಿ ತೆವಳುತ್ತಿದ್ದರು.

ಅವನು ಒಡ್ಡಿನ ಪಕ್ಕದ ದಾರಿಗೆ ಬಂದು ಬಸ್ಸಿಗೆ ಕೈ ಮಾಡಿದ. ಕೆಸರಾದ ಪೈಜಾಮದಲ್ಲೇ ಹುನಗುಂದದ ಕೋರ್ಟಿನ ಎದುರು ಇಳಿದ. ಶಿವಬಸವ್ವ ವಕೀಲರು ಆಗತಾನೆ ಬಂದು ಬೀಗ ತೆಗೆಯುತ್ತಿದ್ದರು. ಕೇಸು ಹಾಕ್ರಿ ಅಕ್ಕಾರ, ಗೆಲ್ಲಲಿ ಸೋಲಲಿ ಎಂದ. ಪೈಪಿನ ಸಂಗತಿ ಹೇಳಿದ. ಅವರು ಅವನನ್ನು ಒಳಗೆ ಕರೆದರು. ಆಮೇಲೆ ಮೇಜಿನ ಮುಂದೆ ಕೂತು, ಸೇತುವೆಯನ್ನೂ ಕೇಳೋಣ, ಇಂಥ ಸಭೆಗಳಿಗೆ ನಿಯಮ ಬೇಕೆಂದೂ ಕೇಳೋಣ ಎಂದರು. ಹುಡುಗಿಯ ಹೆಸರಿನಿಂದಲೇ ಅರ್ಜಿ ಹೋದರೆ ತೂಕ ಬರುತ್ತದೆ, ಹಾಗೆ ಬರೆಯಲೆ ಎಂದು ಕೇಳಿದರು. ಹುಸೇನಪೀರ ಹೌದೆಂದು ತಲೆ ಆಡಿಸಿದ. ಅವರು ಪೆನ್ನು ಮತ್ತು ವಕಾಲತ್ತಿನ ಹಾಳೆಯನ್ನು ಅವನ ಮುಂದೆ ಸರಿಸಿದರು.

"ಆಕಿ ಇನ್ನೂ ಸಣ್ಣಾಕಿ. ತಂದಿ ಅಂತ ನೀವು ಸಹಿ ಮಾಡಿದ್ರ ಕಾಯ್ದೆಕ್ಕ ಸಾಕು. ಆಕಿ ಬರೂದೂ ಬ್ಯಾಡ, ಆಕಿನ್ನ ಕೇಳೂದೂ ಬ್ಯಾಡ."

ಹುಸೇನಪೀರ ಪೆನ್ನು ತೆಗೆದುಕೊಂಡ. ಹಾಳೆಯ ಮೇಲೆ ಬಗ್ಗಿದವನು ಹಾಗೇ ತಡೆದು, ಪೆನ್ನನ್ನು ಮೇಜಿನ ಮೇಲೆ ಇಟ್ಟ.

"ಸಂಜಿಗೆ ಬರ್ತೇನ್ರಿ ಅಕ್ಕಾರ," ಎಂದ. "ಆಕಿನ್ನ ಒಂದ ಮಾತ ಕೇಳ್ತೇನಿ."